ಮೊಳೆಗೆ ತೂಗಿದ ಚೀಟಿಗಳ ಚೀಲ

ವಿಜಯಪುರ ಜಿಲ್ಲೆಯ ಎಷ್ಟೋ ಮನೆಗಳ ಪಡಸಾಲೆಯ ಗೋಡೆಯಲ್ಲಿ ಒಂದು ಮೊಳೆ, ಆ ಮೊಳೆಗೊಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಬಟ್ಟೆ ಅಂಗಡಿಯದೋ ಎಕ್ಸ್‌ರೇ ಸೆಂಟರಿನದೋ ಚೀಲ. ಮನೆಮಂದಿಯ ಜಡ್ಡಿನ ಇತಿಹಾಸವೆಲ್ಲ ಅದರೊಳಗೆ. ಸೊಲ್ಲಾಪುರದ ಎಲುಬಿನ ಡಾಕ್ಟರ್ ಬರೆದ ಚೀಟಿ, ಮಿರಜದಲ್ಲಿ ತೆಗೆಸಿದ ಎಕ್ಸ್‌ರೇ, ಬೆಳಗಾವಿಯ ಎಕೋ ರಿಪೋರ್ಟು, ಊರಲ್ಲಿ ನಡೆದ ಉಚಿತ ಶಿಬಿರದ ಕಾರ್ಡು, ಅರ್ಧ ಉಳಿದ ಗುಳಿಗೆ ಪಾಕೀಟು. ಯಾರಿಗಾದರೂ ಆರಾಮಿಲ್ಲದಾಗ ಚೀಲ ಕೆಳಗಿಳಿಯುತ್ತದೆ, ಹೊಸ ಡಾಕ್ಟರ ಮೇಜಿನ ಮೇಲೆ ಬರಿದಾಗುತ್ತದೆ. ಅವರು ಮೇಲಿನ ಎರಡು ಚೀಟಿ ನೋಡಿ ಉಳಿದದ್ದನ್ನು ವಾಪಸು ಕೊಡುತ್ತಾರೆ. ಹೊರಗೆ ನಲವತ್ತು ಮಂದಿ ಕೂತಿರುವಾಗ ಅವರಾದರೂ ಏನು ಮಾಡಬೇಕು?

ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿರುವ ನಮ್ಮ ಕಾಕಾನ ಎಡಗಾಲಿನ ಎರಡು ಬೆರಳು ತೆಗೆದ ಮೇಲೆ ಅಂಥದೊಂದು ಚೀಲವನ್ನು ನಾನು ತಳದವರೆಗೂ ಓದಿದೆ. ಆರು ವರ್ಷದ ಹಿಂದಿನ ಶಿಬಿರದ ಕಾರ್ಡಿನಲ್ಲಿ ಖಾಲಿ ಹೊಟ್ಟೆಯ ಶುಗರ್ 118. ಎರಡು ವರ್ಷ ಕಳೆದು, ಕಣ್ಣಿನ ಪೊರೆ ತೆಗೆಸುವ ಮುಂಚೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ 139. ಆಮೇಲಿನ ಒಂದು ಚೀಟಿಯಲ್ಲಿ ಅಂಗಾಲು ಉರಿಗೆ ಬಿ-ಕಾಂಪ್ಲೆಕ್ಸ್ ಗುಳಿಗೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125ರವರೆಗೆ ಬಂದರೆ ಮಧುಮೇಹದ ಗಡಿ; 126 ಮುಟ್ಟಿದರೆ ಇನ್ನೊಮ್ಮೆ ನೋಡಿ ಮಧುಮೇಹವೆಂದು ಖಚಿತ ಮಾಡಬೇಕು. ಅಂಗಾಲು ಉರಿಯುವುದು ಸಕ್ಕರೆ ಕಾಯಿಲೆ ನರಗಳನ್ನು ಮುಟ್ಟಿರುವ ಸೂಚನೆ ಆಗಿರಬಹುದು. ಮೂರು ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ಏನಾಗುತ್ತಿದೆ ಎಂದು ತಿಳಿಯಲು ದೊಡ್ಡ ತಜ್ಞರೇನೂ ಬೇಕಿರಲಿಲ್ಲ.

ಪಕ್ಕಪಕ್ಕ ಇಟ್ಟವರು ಮಾತ್ರ ಯಾರೂ ಇರಲಿಲ್ಲ. ಶಿಬಿರದವರು 'ಮತ್ತೆ ತೋರಿಸಿ' ಎಂದು ಬರೆದಿದ್ದರು. ಕಣ್ಣಿನವರು ಫಿಜಿಷಿಯನ್ನರನ್ನು ಕಾಣುವಂತೆ ಇಂಗ್ಲಿಷಿನಲ್ಲಿ ಬರೆದಿದ್ದರು. ಕಾಕಾನಿಗೆ ಇಂಗ್ಲಿಷ್ ಬರುವುದಿಲ್ಲ. ಅಂಗಾಲು ಉರಿಗೆ ಗುಳಿಗೆ ಕೊಟ್ಟವರಿಗೆ ಹಿಂದಿನ ಎರಡು ಅಂಕಿ ಗೊತ್ತೇ ಇರಲಿಲ್ಲ. "ಸ್ವಲ್ಪ ಜಾಸ್ತಿ ಐತಿ ಅಂದಿದ್ರಪಾ. ಸ್ವಲ್ಪ ಅಂದಮ್ಯಾಲ ಮತ್ತ್ಯಾಕ ತಲಿ ಕೆಡಿಸ್ಕೋಬೇಕು ಅಂತ ಬಿಟ್ಟೆ," ಅಂದರು ಕಾಕಾ. ಅವರನ್ನು ನೋಡಿದ ಒಬ್ಬ ಡಾಕ್ಟರನ್ನೂ ನಾನು ದೂರಲಾರೆ. ತಮ್ಮ ಮುಂದೆ ಬಂದದ್ದನ್ನು ಎಲ್ಲರೂ ನೋಡಿದ್ದಾರೆ. ಆರು ವರ್ಷಗಳನ್ನು ಒಟ್ಟಿಗೆ ನೋಡುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ.

ಕಾಯಿಲೆ ಬರುವ ಮುಂಚೆಯೇ ತಡೆಯುವುದು ಅಂದ ಕೂಡಲೇ ನಮಗೆ ಲಸಿಕೆ, ಶಿಬಿರ, ರಿಯಾಯಿತಿ ದರದ ಚೆಕಪ್ ಪ್ಯಾಕೇಜು ನೆನಪಾಗುತ್ತವೆ. ಕಾಕಾನಿಗೆ ಪರೀಕ್ಷೆಗಳ ಕೊರತೆ ಇರಲಿಲ್ಲ. ವರ್ಷಗಟ್ಟಲೆ ಅವರನ್ನು ನೋಡುತ್ತ, ಹೋದ ಸಲದ ಅಂಕಿಯನ್ನು ಬರೆದಿಟ್ಟುಕೊಂಡು, ಬರದೇ ಹೋದರೆ "ಯಾಕ ಬಂದಿಲ್ಲ?" ಎಂದು ಕೇಳುವ ಒಬ್ಬ ಡಾಕ್ಟರ ಕೊರತೆ ಇತ್ತು. ಈ ಕೊರತೆ ತುಂಬದೆ ಎಷ್ಟು ಶಿಬಿರ ಮಾಡಿದರೂ ಚೀಲ ದಪ್ಪವಾಗುತ್ತದೆ, ಅಷ್ಟೇ. ನಾನು ಈ ಲೇಖನ ಬರೆಯುತ್ತಿರುವುದು ಇದನ್ನು ಹೇಳಲಿಕ್ಕೆ.

ಮನೆ ಡಾಕ್ಟ್ರು ಅಂದರೆ

ಹೃದಯದ ತಜ್ಞರಿಗೆ ಹೃದಯ ಗೊತ್ತು, ಕಿಡ್ನಿ ತಜ್ಞರಿಗೆ ಕಿಡ್ನಿ ಗೊತ್ತು. ಒಬ್ಬ ಮನುಷ್ಯನ ಹೃದಯ, ಕಿಡ್ನಿ, ಅವನ ತಾಯಿಗಿದ್ದ ಶುಗರು, ತಲೆಯ ಮೇಲಿನ ಸಾಲ, ಗಲ್ಲದಲ್ಲಿ ಇಟ್ಟುಕೊಳ್ಳುವ ತಂಬಾಕು, ಇಷ್ಟನ್ನೂ ಒಟ್ಟಿಗೆ ಬಲ್ಲವರು ಮನೆ ಡಾಕ್ಟರು. ನಾನು ಸಣ್ಣವನಿದ್ದಾಗ ವಿಜಯಪುರದಲ್ಲಿ ನಮ್ಮ ಓಣಿಗೆ ಅಂಥವರೊಬ್ಬರಿದ್ದರು. ಸ್ಕೂಟರಿನ ಮುಂದೆ ಚರ್ಮದ ಬ್ಯಾಗು ಇಟ್ಟುಕೊಂಡು ಬರುತ್ತಿದ್ದರು. ಯಾರ ಮನೆಯಲ್ಲಿ ಯಾರಿಗೆ ಯಾವ ಗುಳಿಗೆ ಒಗ್ಗುವುದಿಲ್ಲ ಎಂಬುದು ಅವರಿಗೆ ಬಾಯಿಪಾಠ. ಹಾಗಂತ ಆ ಕಾಲವನ್ನು ತಲೆಯ ಮೇಲೆ ಹೊತ್ತುಕೊಳ್ಳಲು ನಾನು ತಯಾರಿಲ್ಲ. ಜ್ವರಕ್ಕೂ ಸೂಜಿ, ಸುಸ್ತಿಗೂ ಸೂಜಿ ನಡೆಯುತ್ತಿತ್ತು. ಯಾವುದಕ್ಕೂ ದಾಖಲೆ ಇರಲಿಲ್ಲ. ಅವರ ನೆನಪೇ ಕಡತ, ಅವರು ತೀರಿಕೊಂಡ ದಿನ ಕಡತವೂ ಹೋಯಿತು. ಆದರೂ ಒಂದು ಮಾತು ಹೇಳಬೇಕು: ನಮ್ಮ ಅಜ್ಜಿ ಮದುವೆಮನೆಯಲ್ಲಿ ಎದುರಾದಾಗ ಅವರು ಆಕೆಯ ಪಾದ ನೋಡಿ, "ಆಯಿ, ಕಾಲು ಬಾತಾವ, ನಾಳೆ ಬಂದು ಬಿಪಿ ತೋರಿಸ್ರಿ," ಅಂದಿದ್ದರು. ಕರೆಯದೆ ನೋಡುವ ಆ ಕಣ್ಣನ್ನು ಯಾವ ಪ್ಯಾಕೇಜಿನಲ್ಲೂ ಮಾರುವುದಿಲ್ಲ.

ಇಂಥ ಕಣ್ಣು ಇವತ್ತು ಹಿಂದೆಂದಿಗಿಂತ ಹೆಚ್ಚು ಬೇಕಾಗಿದೆ. ಹಿಂದೆ ಮಂದಿಯನ್ನು ಕೊಲ್ಲುತ್ತಿದ್ದ ಕಾಲರಾ, ಸಿಡುಬು ಬಂದರೆ ಗೊತ್ತಾಗುತ್ತಿತ್ತು. ಬಿಪಿ, ಶುಗರು ಬಂದರೆ ಗೊತ್ತಾಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗೆ ಮಧುಮೇಹವಿದೆ, ಇನ್ನೂ ಶೇ. 15.3ರಷ್ಟು ಮಂದಿ ಗಡಿಯಲ್ಲಿದ್ದಾರೆ, ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಗಡಿಯಲ್ಲಿರುವವರ ಸಂಖ್ಯೆ ಕಾಯಿಲೆ ಬಂದವರಿಗಿಂತ ದೊಡ್ಡದು ಎಂಬುದನ್ನು ಗಮನಿಸಿ. ಅವರಲ್ಲಿ ಎಷ್ಟೋ ಮಂದಿಯನ್ನು ಆಚೆ ದಾಟದಂತೆ ಹಿಡಿದಿಡಬಹುದು. 2006ರಲ್ಲಿ ಪ್ರಕಟವಾದ ಚೆನ್ನೈನ ಒಂದು ಅಧ್ಯಯನದಲ್ಲಿ, ಗಡಿಯಲ್ಲಿದ್ದವರಿಗೆ ಊಟ ಮತ್ತು ನಡಿಗೆಯ ವಿಷಯದಲ್ಲಿ ಮೂರು ವರ್ಷ ಬೆನ್ನುಹತ್ತಿ ಹೇಳಿದಾಗ ಮಧುಮೇಹಕ್ಕೆ ಹೊರಳುವ ಸಂಭವ ಶೇ. 28ರಷ್ಟು ಇಳಿಯಿತು. ಶುಗರಿನ ಗುಳಿಗೆಯಿಂದ ಆದ ಲಾಭವೂ ಹೆಚ್ಚುಕಡಿಮೆ ಅಷ್ಟೇ. ಇದರಲ್ಲಿ ನನಗೆ ಮುಖ್ಯ ಅನಿಸುವುದು ಆ ಬೆನ್ನುಹತ್ತುವಿಕೆ. ಕಾಕಾನ 118 ಇದ್ದದ್ದು ಸರಿಯಾಗಿ ಆ ಗಡಿಯಲ್ಲಿ.

ಬಿಪಿ ನೋಡುವ ಸಣ್ಣ ಕೆಲಸವನ್ನೇ ತೆಗೆದುಕೊಳ್ಳಿ. ಅರ್ಧ ಗಂಟೆಯ ಒಳಗೆ ಚಹಾ ಕುಡಿದಿರಬಾರದು, ತಂಬಾಕು ಹಾಕಿರಬಾರದು. ಐದು ನಿಮಿಷ ಸುಮ್ಮನೆ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ ಕೂತಿರಬೇಕು. ತೋಳು ಎದೆಯ ಮಟ್ಟಕ್ಕಿರಬೇಕು, ಪಟ್ಟಿ ತೋಳಿಗೆ ಸರಿಹೊಂದಬೇಕು. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಬೇಕು. 140/90 ದಾಟಿದರೆ ಇನ್ನೊಂದು ದಿನ ಕರೆದು ಖಚಿತ ಮಾಡಿಕೊಳ್ಳಬೇಕು. ಬಸ್ಸಿನಿಂದ ಇಳಿದು ಓಡಿ ಬಂದವರಿಗೆ, ಜಾಕೀಟಿನ ಮೇಲೆಯೇ ಪಟ್ಟಿ ಸುತ್ತಿ, ನಿಂತ ಕಾಲ ಮೇಲೆ ನೋಡಿದ ಅಂಕಿ ಯಾವುದಕ್ಕೂ ಬಾರದು. ಇನ್ನೊಂದು ದಿನ ಕರೆಯಬೇಕು ಅನ್ನುವಲ್ಲೇ ಶಿಬಿರ ಸೋಲುತ್ತದೆ, ಏಕೆಂದರೆ ಇನ್ನೊಂದು ದಿನ ಶಿಬಿರ ಅಲ್ಲಿ ಇರುವುದಿಲ್ಲ.

ಒಬ್ಬರೇ ಡಾಕ್ಟರು ಇದ್ದರೆ ನಿಜವಾಗಿ ಲಾಭ ಆಗುತ್ತದೆಯೇ, ಅಥವಾ ಅದು ಹಳೆಯ ಕಾಲದ ಹಂಬಲವೇ? ನಾರ್ವೆಯಲ್ಲಿ ಪ್ರತಿಯೊಬ್ಬ ನಾಗರಿಕನ ಹೆಸರು ಒಬ್ಬ ಕುಟುಂಬವೈದ್ಯರ ಪಟ್ಟಿಯಲ್ಲಿ ಇರಬಹುದಾದ ವ್ಯವಸ್ಥೆ ಇದೆ. ಅಲ್ಲಿನ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದರು. 15 ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ವೈದ್ಯರ ಬಳಿ ಇದ್ದವರನ್ನು ಒಂದೇ ವರ್ಷ ಇದ್ದವರಿಗೆ ಹೋಲಿಸಿದರೆ ತುರ್ತಾಗಿ ಆಸ್ಪತ್ರೆ ಸೇರುವ ಸಂಭವ ಶೇ. 28ರಷ್ಟು, ಸಾಯುವ ಸಂಭವ ಶೇ. 25ರಷ್ಟು ಕಡಿಮೆ ಇತ್ತು. ಇದೊಂದರಿಂದಲೇ ಕಾರಣ–ಪರಿಣಾಮ ಸಾಬೀತಾಗದು. ಒಂದೇ ಊರಲ್ಲಿ ನೆಲೆನಿಂತ ಮಂದಿ ಬೇರೆ ರೀತಿಯಲ್ಲೂ ಸುಸ್ಥಿತಿಯಲ್ಲಿ ಇದ್ದಿರಬಹುದು. ಆದರೆ ವರ್ಷ ಹೆಚ್ಚಿದಂತೆ ಲಾಭವೂ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿದ್ದನ್ನು ತಳ್ಳಿಹಾಕುವಂತಿಲ್ಲ. ಪರಿಚಯದ ಡಾಕ್ಟರಿಗೆ ಮನುಷ್ಯ ನಿಜ ಹೇಳುತ್ತಾನೆ. ಅವನ ಮುಖ ಇಂದು ಎಂದಿನಂತಿಲ್ಲ ಎಂದು ಅವರಿಗೆ ತಿಳಿಯುತ್ತದೆ. ಅವರ ಮಾತನ್ನು ಅವನು ಅರ್ಧದಷ್ಟಾದರೂ ಕೇಳುತ್ತಾನೆ.

ನಮ್ಮ ನೆಲದ ಜಡ್ಡು

ಪುಸ್ತಕದ ಸಲಹೆ ಎಲ್ಲ ಊರಿಗೂ ಒಂದೇ. 'ಉಪ್ಪು ಕಡಿಮೆ ಮಾಡಿ' ಎಂದು ನಮ್ಮಲ್ಲಿ ಹೇಳಿದರೆ ಮಂದಿ ಪಲ್ಯಕ್ಕೆ ಉಪ್ಪು ಕಡಿಮೆ ಹಾಕುತ್ತಾರೆ. ನಮ್ಮ ಉಪ್ಪು ಇರುವುದು ಪಲ್ಯದಲ್ಲಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪುಖಾರ, ಉಪ್ಪಿನಕಾಯಿ, ಹಪ್ಪಳ–ಸಂಡಿಗೆಯಲ್ಲಿ. ಬಿಸಿಲಿಗೆ ಬುತ್ತಿ ಕೆಡಬಾರದು ಎಂದು ಹುಟ್ಟಿದ ಊಟ ಅದು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಲು ಹೇಳುತ್ತದೆ. ಅದನ್ನು ಹೊಲಕ್ಕೆ ಹೋಗುವ ಹೆಣ್ಣುಮಗಳ ಬುತ್ತಿಗೆ ಇಳಿಸಿ ಹೇಳಬೇಕಾದರೆ ಬುತ್ತಿ ಬಿಚ್ಚಿ ನೋಡಿದವರು ಬೇಕು. ಚಹಾದ್ದೂ ಅದೇ ಲೆಕ್ಕ. ಎರಡು ಚಮಚ ಸಕ್ಕರೆ, ಅಂದರೆ ಸುಮಾರು 10 ಗ್ರಾಂ. ದಿನಕ್ಕೆ ಆರು ಕಪ್ ಕುಡಿಯುವವರಿಗೆ ಅಲ್ಲೇ 60 ಗ್ರಾಂ, ತಿಂಗಳಿಗೆ ಹತ್ತಿರ ಹತ್ತಿರ ಎರಡು ಕಿಲೋ. "ನಾ ಸಿಹಿ ತಿನ್ನೂದೇ ಇಲ್ರಿ ಸರ" ಅನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಚಹಾ ನಮ್ಮಲ್ಲಿ ಸಿಹಿಯ ಲೆಕ್ಕಕ್ಕೆ ಬರುವುದಿಲ್ಲ, ಮರ್ಯಾದೆಯ ಲೆಕ್ಕಕ್ಕೆ ಬರುತ್ತದೆ. ಜೋಳದ ರೊಟ್ಟಿ ತಿಂದರೆ ಶುಗರೇ ಬರುವುದಿಲ್ಲ ಎಂಬ ನಂಬಿಕೆಯೂ ಗಟ್ಟಿ. ಜೋಳದಲ್ಲಿ ನಾರು ಇದೆ, ಒಳ್ಳೆಯದೇ. ಆದರೆ ದಿನವಿಡೀ ಹೊಲದಲ್ಲಿ ದುಡಿದವನ ನಾಲ್ಕು ರೊಟ್ಟಿಯನ್ನೇ ದಿನವಿಡೀ ಕುರ್ಚಿಯಲ್ಲಿ ಕೂತವನೂ ತಿಂದರೆ ಜೋಳ ಕಾಪಾಡುವುದಿಲ್ಲ.

ಇನ್ನು ನೋವಿನ ಗುಳಿಗೆ. ಇದನ್ನು ನಾನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಯಾರೂ ಲೆಕ್ಕ ಇಡದ ಅಪಾಯ ಇದು. ಮುಧೋಳ, ಜಮಖಂಡಿ, ಅಥಣಿ, ರಾಯಬಾಗದ ಹೊಲಗಳಲ್ಲಿ ಕಬ್ಬು ಕಡಿಯುವವರು ದಿನವೆಲ್ಲ ಬಗ್ಗಿಯೇ ಇರುತ್ತಾರೆ. ರಬಕವಿ–ಬನಹಟ್ಟಿ, ಇಳಕಲ್ಲು, ಗುಳೇದಗುಡ್ಡದ ನೇಕಾರರು ಮಗ್ಗದ ಮುಂದೆ ಹತ್ತು ತಾಸು ಕೂರುತ್ತಾರೆ. ಸೊಂಟ, ಮೊಣಕಾಲು, ಹೆಗಲು ನೋಯದೆ ಇರುವುದಾದರೂ ಹೇಗೆ? ಮೆಡಿಕಲ್ ಅಂಗಡಿಯಲ್ಲಿ ಗುಳಿಗೆ ಕೈಗೆ ಸಿಗುತ್ತದೆ, ದಿನದ ಕೂಲಿ ಉಳಿಯುತ್ತದೆ. ಡೈಕ್ಲೋಫಿನಾಕ್‌ನಂಥ ಗುಳಿಗೆಗಳು ನೋವು ಇಳಿಸುವಾಗಲೇ ಕಿಡ್ನಿಗೆ ಹೋಗುವ ರಕ್ತದ ಹರಿವನ್ನೂ ಕುಗ್ಗಿಸಬಲ್ಲವು. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಯ ರಕ್ತನಾಳಗಳನ್ನು ತೆರೆದಿಡುವ ರಾಸಾಯನಿಕವೊಂದನ್ನು ದೇಹವೇ ತಯಾರಿಸುತ್ತದೆ. ಗುಳಿಗೆ ತಡೆಯುವುದು ಅದನ್ನೇ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ, ಬೆವರಿ ಬಸವಳಿದವರು, ಅದರಲ್ಲೂ ಬಿಪಿ ಇದ್ದವರು, ತಿಂಗಳುಗಟ್ಟಲೆ ಈ ಗುಳಿಗೆ ನುಂಗುತ್ತ ಹೋದರೆ ಕಿಡ್ನಿ ಸದ್ದಿಲ್ಲದೆ ಸೋಲಬಹುದು. ಆಮೇಲೆ ವಾರಕ್ಕೆರಡು–ಮೂರು ಸಲ ಡಯಾಲಿಸಿಸ್. ಅಂಗಡಿಯವನಿಗೆ ಬಿಪಿ ಗೊತ್ತಿಲ್ಲ, ಬಿಪಿ ಡಾಕ್ಟರಿಗೆ ಅಂಗಡಿಯ ಗುಳಿಗೆ ಗೊತ್ತಿಲ್ಲ. "ನೋವಿಗೆ ಏನು ತಗೋತೀರಿ? ಎಷ್ಟು ದಿನದಿಂದ?" ಎಂದು ಕೇಳಿ, ಕಿಡ್ನಿಯ ಸ್ಥಿತಿ ತಿಳಿಯಲು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ನೋಡಿಸುವವರು ಎರಡನ್ನೂ ಬಲ್ಲ ಮನೆ ಡಾಕ್ಟರು ಮಾತ್ರ.

ತಂಬಾಕಿನ ವಿಷಯ ನಿಪ್ಪಾಣಿಯ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬಾಯಿ ತೆರೆಸಿ, ಟಾರ್ಚ್ ಬಿಟ್ಟು, ಗಲ್ಲದ ಒಳಗೆ ಬಿಳಿ ಮಚ್ಚೆ ಇದೆಯೇ, ಬಾಯಿ ಮೂರು ಬೆರಳು ಹಿಡಿಯುವಷ್ಟು ತೆರೆಯುತ್ತದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಡಾಕ್ಟರು ಎರಡು–ಮೂರು ನಿಮಿಷ ತಿಳಿಹೇಳಿದರೆ ತಂಬಾಕು ಬಿಡುವವರ ಪ್ರಮಾಣ ನೂರಕ್ಕೆ ಒಬ್ಬರಿಂದ ಮೂವರಷ್ಟು ಹೆಚ್ಚುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಕಡಿಮೆ ಅನಿಸಬಹುದು. ಆದರೆ ತಂಬಾಕು ಹಾಕುವ ಸಾವಿರ ಮಂದಿಯನ್ನು ನೋಡುವ ಒಬ್ಬ ಡಾಕ್ಟರ ಕೈಯಲ್ಲಿ ಅದು ಹತ್ತರಿಂದ ಮೂವತ್ತು ಮನೆ.

ಮನೆತನ ಗೊತ್ತಿರುವುದಕ್ಕೂ ನಮ್ಮಲ್ಲಿ ವಿಶೇಷ ಅರ್ಥವಿದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ದೇಶದಲ್ಲೇ ಹೆಚ್ಚಾಗಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂಥ ಮದುವೆಗಳಲ್ಲಿ ಕೆಲವು ಅನುವಂಶಿಕ ಕಾಯಿಲೆಗಳ ಸಂಭವ ಹೆಚ್ಚು. ಎರಡು ತಲೆಮಾರು ನೋಡಿದ ಡಾಕ್ಟರಿಗೆ, ಯಾರ ಮನೆಯಲ್ಲಿ ಕಿವುಡ ಮಗು ಹುಟ್ಟಿತ್ತು, ಯಾರ ಕೂಸಿಗೆ ರಕ್ತ ಏರಿಸಬೇಕಾಗಿತ್ತು ಎಂಬುದು ಗೊತ್ತಿರುತ್ತದೆ. ನಿಶ್ಚಯಕ್ಕೆ ಮುಂಚೆ ಹಿರಿಯರನ್ನು ಪಕ್ಕಕ್ಕೆ ಕರೆದು ಒಂದು ಪರೀಕ್ಷೆ ಮಾಡಿಸಿರಿ ಎಂದು ಹೇಳಬಲ್ಲವರು ಅವರೇ. ಹೊರಗಿನವರು ಹೇಳಿದರೆ ಜಗಳವಾಗುತ್ತದೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಕೊರತೆ ಇನ್ನೂ ಆಳ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಅದೇ ಸಮೀಕ್ಷೆ ಹೇಳುವಂತೆ ದೇಶದಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಒಮ್ಮೆಯಾದರೂ ತಪಾಸಣೆ ಆದವರು ನೂರಕ್ಕೆ ಇಬ್ಬರೂ ಇಲ್ಲ. ಆ ತಪಾಸಣೆಗೆ ದೊಡ್ಡ ಯಂತ್ರವೇನೂ ಬೇಡ. ಗರ್ಭಕೊರಳಿಗೆ ತಿಳಿಯಾದ ಅಸಿಟಿಕ್ ಆಮ್ಲ (ವಿನೆಗರಿನಲ್ಲಿರುವ ಆಮ್ಲ) ಹಚ್ಚಿ ಒಂದು ನಿಮಿಷ ಬಿಟ್ಟು ಬಿಳಿಚುತ್ತದೆಯೇ ಎಂದು ಬರಿಗಣ್ಣಿನಿಂದ ನೋಡುವ ವಿಧಾನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಾಧ್ಯ. ಸಾಧ್ಯವಿದ್ದೂ ಆಗುತ್ತಿಲ್ಲ. ಬಿಳಿಸೆರಗು, ಹೆಚ್ಚು ರಕ್ತಸ್ರಾವ ಇವನ್ನೆಲ್ಲ ನಮ್ಮ ತಾಯಂದಿರು ಗಂಡನಿಗೂ ಹೇಳುವುದಿಲ್ಲ. ಹಗಲು ದವಾಖಾನೆಗೆ ಹೋದರೆ ಕೂಲಿ ಹೋಗುತ್ತದೆ, ಅತ್ತೆ ಕೇಳುತ್ತಾಳೆ. ಕೂಸಿಗೆ ಲಸಿಕೆ ಹಾಕಿಸಲು ಬಂದ ಸೊಸೆಯನ್ನು ನೋಡಿ, "ಯವ್ವಾ, ಕಣ್ಣು ಭಾಳ ಬೆಳ್ಳಗ ಅದಾವು, ನಿನ್ನ ರಕ್ತನೂ ನೋಡೂಣು," ಎಂದು ಹೇಳುವ ಡಾಕ್ಟರ್ ಅಕ್ಕನೋ ನರ್ಸಮ್ಮನೋ ಇದ್ದರೆ ಮಾತ್ರ ಆಕೆಯ ಸರದಿ ಬರುತ್ತದೆ. ತನಗಾಗಿಯೇ ಆಕೆ ಬರುವುದು ಬಿದ್ದ ಮೇಲೆ.

ಮಾತಿಗೆ ದುಡ್ಡಿಲ್ಲ

ಇಷ್ಟು ಬೇಕಾದವರು ಕಾಣೆಯಾಗುತ್ತಿರುವುದೇಕೆ? ನಾನು ಕಂಡಂತೆ ಮೊದಲ ಕಾರಣ ದುಡ್ಡು ಹರಿಯುವ ದಾರಿ. ಡಾಕ್ಟರು ಹದಿನೈದು ನಿಮಿಷ ಕೂತು ಊಟ, ನಿದ್ದೆ, ತಂಬಾಕಿನ ಮಾತಾಡಿ, ಗುಳಿಗೆ ಬೇಡ ಎಂದು ಕಳಿಸಿದರೆ ಬಂದವರು ಫೀ ಕೊಡಲು ಹಿಂದೆಮುಂದೆ ನೋಡುತ್ತಾರೆ: "ಏನೂ ಕೊಡಲೇ ಇಲ್ಲಲ್ರಿ." ಸೂಜಿ ಮಾಡಿದರೆ, ಸಲಾಯಿನ್ ಹಚ್ಚಿದರೆ ಸಂತೋಷದಿಂದ ಕೊಡುತ್ತಾರೆ. ಕ್ಲಿನಿಕ್ಕಿನ ಬಾಡಿಗೆ, ಕಂಪೌಂಡರನ ಪಗಾರ ಕಟ್ಟಬೇಕಾದವರು ಎಷ್ಟು ದಿನ ಮಾತಿನ ಮೇಲೆ ಬದುಕಿಯಾರು? ಇದರಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಒಪ್ಪಬೇಕು.

ಸರ್ಕಾರದ ದುಡ್ಡೂ ಅದೇ ದಾರಿಯಲ್ಲಿ ಹರಿಯುತ್ತದೆ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸಹಕಾರ ಸಂಘಗಳ ಸದಸ್ಯರಿಗೆ 2003ರಲ್ಲಿ ಶುರುವಾದ ಯಶಸ್ವಿನಿ ಇದೆ. ಎರಡರಿಂದಲೂ ಉಳಿದ ಜೀವಗಳನ್ನು ನಾನು ಬಲ್ಲೆ. ಆದರೆ ಎರಡೂ ಮುಖ್ಯವಾಗಿ ಹಾಸಿಗೆ ಹಿಡಿದ ಮೇಲಿನ ಖರ್ಚಿಗೆ. ಹೃದಯಕ್ಕೆ ಸ್ಟೆಂಟ್ ಹಾಕಲು ದುಡ್ಡಿದೆ. ಹತ್ತು ವರ್ಷ ಬಿಪಿ ಹಿಡಿತದಲ್ಲಿಟ್ಟು ಸ್ಟೆಂಟ್ ಬೇಡವಾಗಿಸಿದ ಡಾಕ್ಟರಿಗೆ ಅದೇ ಖಾತೆಯಿಂದ ಒಂದು ರೂಪಾಯಿ ಹೋಗುವುದಿಲ್ಲ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ರಷ್ಟು ಮಂದಿಯ ಸ್ವಂತ ಜೇಬಿನದು. ಚೀಟಿ, ಗುಳಿಗೆ, ರಕ್ತಪರೀಕ್ಷೆಯ ಸಣ್ಣ ಸಣ್ಣ ಖರ್ಚೂ ಅದರಲ್ಲೇ ಸೇರಿದೆ.

ಮರ್ಯಾದೆಯ ಪ್ರಶ್ನೆಯೂ ಇದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಊರಲ್ಲಿ ವೈದ್ಯಕೀಯ ಕಾಲೇಜುಗಳಿವೆ. ವರ್ಷ ವರ್ಷ ನೂರಾರು ಮಂದಿ ಓದಿ ಹೊರಬರುತ್ತಾರೆ. ಆದರೆ ಹೆಣ್ಣು ಕೊಡುವವರು, ಬಾಡಿಗೆ ಮನೆ ಕೊಡುವವರು ಕೂಡ "ಬರೇ ಎಂಬಿಬಿಎಸ್ಸೇನು?" ಎಂದು ಕೇಳುತ್ತಾರೆ. ಫ್ಯಾಮಿಲಿ ಮೆಡಿಸಿನ್ ಎಂಬ ಸ್ನಾತಕೋತ್ತರ ಓದು ನಮ್ಮ ದೇಶದಲ್ಲೂ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಬುದ್ಧಿವಂತ ಹುಡುಗರು ರೇಡಿಯಾಲಜಿ, ಚರ್ಮರೋಗದ ಸೀಟಿಗೆ ಮತ್ತೆ ಮತ್ತೆ ಪರೀಕ್ಷೆ ಬರೆಯುತ್ತ ಕೂರುತ್ತಾರೆ. ಹಳ್ಳಿಗಳಲ್ಲಿ ಕೈಗೆ ಸಿಗುವವರು ಬಹುಪಾಲು ಆಯುರ್ವೇದ, ಹೋಮಿಯೋಪಥಿ ಓದಿದವರು, ಇಲ್ಲವೇ ಏನೂ ಓದದೆ ಸೂಜಿ ಹಿಡಿದವರು. ಕೊನೆಯವರ ಕೈಗೆ ಯಾರೂ ಸಿಗಬಾರದು.

ಈ ಖಾಲಿ ಜಾಗಕ್ಕೆ ಬಂದು ಕೂತಿರುವುದು ಪ್ಯಾಕೇಜು. ಅರವತ್ತು ಪರೀಕ್ಷೆ, ಮನೆಗೇ ಬಂದು ರಕ್ತ ಒಯ್ಯುತ್ತಾರೆ, ಮೊಬೈಲಿಗೆ ರಿಪೋರ್ಟು. ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿಯ ಅಂಕಿ ಎಲ್ಲಿಂದ ಎಲ್ಲಿಗೆ ಬರುತ್ತದೆಯೋ ಅದನ್ನೇ 'ನಾರ್ಮಲ್' ಎಂದು ಗುರುತಿಸುತ್ತಾರೆ. ಅಂದರೆ ಪೂರ್ತಿ ಆರೋಗ್ಯವಂತನಿಗೂ ಒಂದು ಪರೀಕ್ಷೆಯಲ್ಲಿ ಶೇ. 5ರಷ್ಟು ಸಂಭವ ಹೊರಗೆ ಬೀಳಲು. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಒಂದಾದರೂ ಕೆಂಪಕ್ಷರದಲ್ಲಿ ಬರುವ ಸಂಭವ ಶೇ. 64. ಆ ಕೆಂಪಕ್ಷರ ನೋಡಿ ಹೆದರಿದವರು ಸ್ಕ್ಯಾನಿಗೆ, ಅಲ್ಲಿಂದ ಇನ್ನೊಬ್ಬ ತಜ್ಞರಿಗೆ ಓಡುತ್ತಾರೆ. ನಿಜವಾಗಿ ನೋಡಬೇಕಾಗಿದ್ದ ಬಿಪಿಯನ್ನು ಪ್ಯಾಕೇಜಿನಲ್ಲಿ ಯಾರೂ ನೋಡಿರುವುದಿಲ್ಲ. ನಿಮ್ಮ ವಯಸ್ಸಿಗೆ, ನಿಮ್ಮ ಮನೆತನಕ್ಕೆ ಈ ಮೂರು ಪರೀಕ್ಷೆ ಸಾಕು, ಉಳಿದದ್ದು ಬೇಡ ಎಂದು ಹೇಳಲು ನಿಮ್ಮನ್ನು ಬಲ್ಲ ಡಾಕ್ಟರು ಬೇಕು. ಬೇಡ ಎಂದು ಹೇಳುವುದೂ ಮುನ್ನೆಚ್ಚರಿಕೆಯೇ.

ಸರ್ಕಾರಿ ದಾರಿ ಎಲ್ಲಿಯವರೆಗೆ

1946ರಲ್ಲೇ, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ವರದಿ ಕೊಟ್ಟ ಭೋರ್ ಸಮಿತಿ, ಕಾಯಿಲೆ ತಡೆಯುವುದನ್ನೂ ಗುಣಪಡಿಸುವುದನ್ನೂ ಬೇರೆ ಮಾಡಬಾರದು, ಜನರ ನಡುವೆ ಇದ್ದು ಎರಡನ್ನೂ ಮಾಡುವ ವೈದ್ಯರನ್ನು ತಯಾರು ಮಾಡಬೇಕು ಎಂದು ಹೇಳಿತ್ತು. ಕಾಗದದ ಮೇಲೆ ನಮ್ಮಲ್ಲಿ ಇವತ್ತು ಬಹಳಷ್ಟು ಇದೆ. ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. 30 ದಾಟಿದ ಪ್ರತಿಯೊಬ್ಬರಿಗೂ ಬಿಪಿ, ಶುಗರು, ಬಾಯಿ–ಸ್ತನ–ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ಆಗಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದು ಕಾಯಿಲೆಯ ಅಪಾಯಕ್ಕೆ ಅಂಕ ಕೊಡುವ ಅರ್ಜಿ ತುಂಬಿ, ಅಂಕ 4 ದಾಟಿದವರನ್ನು ಮೊದಲು ಕಳಿಸಬೇಕು. ನಗರಗಳಿಗೆ 'ನಮ್ಮ ಕ್ಲಿನಿಕ್' ಎಂಬ ಸಣ್ಣ ಸರ್ಕಾರಿ ದವಾಖಾನೆಗಳು ಬಂದಿವೆ. 2024ರಲ್ಲಿ ಕೋಲಾರದಲ್ಲಿ ಆರಂಭಿಸಿ ಆಮೇಲೆ ರಾಜ್ಯಕ್ಕೆ ಹಬ್ಬಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಲ್ಲೇ ತಪಾಸಣೆ ಮಾಡಿ ಗುಳಿಗೆಯನ್ನೂ ಕೊಡುತ್ತಾರೆ. ಇವೆಲ್ಲ ಒಳ್ಳೆಯ ಕೆಲಸ. ನಮ್ಮೂರಿನ ಆಶಾ ಅಕ್ಕ ಬಿಸಿಲಲ್ಲಿ ಮನೆ ಮನೆ ಸುತ್ತುವುದನ್ನು ಕಂಡವರಿಗೆ ಈ ಯೋಜನೆಗಳನ್ನು ಹಗುರವಾಗಿ ಮಾತಾಡಲು ಮನಸ್ಸು ಬರದು.

ತೊಡಕು ಇರುವುದು ಅಂಕಿಯಲ್ಲಿ. 30,000 ಜನರಲ್ಲಿ 20 ದಾಟಿದವರು ಅಂದಾಜು 19,000 ಎಂದುಕೊಳ್ಳೋಣ. ದೇಶದ ಸರಾಸರಿಯಂತೆ ಅವರಲ್ಲಿ ಶೇ. 35ಕ್ಕೆ ಬಿಪಿ ಇದ್ದರೆ 6,600ಕ್ಕೂ ಹೆಚ್ಚು ಮಂದಿ. ತಿಂಗಳಿಗೊಮ್ಮೆ ಬಂದರೂ, 25 ಕೆಲಸದ ದಿನ ಹಿಡಿದರೆ, ದಿನಕ್ಕೆ 260 ಮಂದಿ ಬಿಪಿಗೇ ಬರಬೇಕು. ಒಬ್ಬ ಡಾಕ್ಟರಿಗೆ ಇದು ಆಗದ ಮಾತು. ಹೀಗಾಗಿ ಮನೆ ಡಾಕ್ಟರು ಅಂದಾಗ ಒಬ್ಬ ವ್ಯಕ್ತಿಯನ್ನಷ್ಟೇ ಕಣ್ಣ ಮುಂದೆ ತಂದುಕೊಂಡರೆ ಸಾಲದು. ಜೊತೆಗೆ ನರ್ಸು, ಸಮುದಾಯ ಆರೋಗ್ಯ ಅಧಿಕಾರಿ, ಆಶಾ ಇರುವ ಒಂದು ಸಣ್ಣ ಗುಂಪು ಬೇಕು. ಬ್ರೆಜಿಲ್ 1994ರಿಂದ ಈ ದಾರಿ ಹಿಡಿದಿದೆ. ಇಂತಿಷ್ಟು ಮನೆ ಇಂಥ ಗುಂಪಿನದು ಎಂಬ ಲೆಕ್ಕ ಅಲ್ಲಿಯದು. ಕೇರಳ 2017ರಲ್ಲಿ ಆರ್ದ್ರಂ ಯೋಜನೆಯಡಿ ಪ್ರಾಥಮಿಕ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಮಾಡಲು ಶುರುಮಾಡಿ, ಸಿಬ್ಬಂದಿ ಹೆಚ್ಚಿಸಿ, ಸಂಜೆಯೂ ಬಾಗಿಲು ತೆರೆದಿಟ್ಟಿತು. ಕೂಲಿಯವರಿಗೆ ಆ ಸಂಜೆಯ ಹೊತ್ತು ಎಷ್ಟು ದೊಡ್ಡದು ಎಂದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ.

ಇನ್ನೊಂದು ತೊಡಕು ವರ್ಗಾವಣೆ. ಗುತ್ತಿಗೆಯ ಡಾಕ್ಟರು ಪಿಜಿ ಸೀಟು ಸಿಕ್ಕ ದಿನ ಹೋಗುತ್ತಾರೆ, ಕಾಯಂ ಇದ್ದವರು ಮಕ್ಕಳ ಶಾಲೆಗಾಗಿ ಊರು ಬದಲಿಸಿಕೊಳ್ಳುತ್ತಾರೆ. ಅವರ ಮನೆ, ಅವರ ಸಂಸಾರ, ತಪ್ಪೆನ್ನಲಾರೆ. ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಓದಿನುದ್ದಕ್ಕೂ ನೋಡಿಕೊಳ್ಳಬೇಕೆಂಬ ನಿಯಮ ಈಚೆಗೆ ಬಂದಿದೆ. ಮನೆಯೊಳಗೆ ಹೋಗಿ ಒಲೆ, ನೀರು, ಬುತ್ತಿ ನೋಡುವ ವೈದ್ಯರು ಇದರಿಂದ ತಯಾರಾಗಲಿ ಎಂದು ಮನಸಾರೆ ಬಯಸುತ್ತೇನೆ. ಆದರೆ ಓದು ಮುಗಿದ ಮೇಲೆ ಆ ಮನೆಗಳ ಕಡತ ಯಾರ ಕೈಗೆ?

ಬ್ರಿಟನ್ನಿನಲ್ಲಿ ಕುಟುಂಬವೈದ್ಯರಿಗೆ ಆದಾಯದ ದೊಡ್ಡ ಪಾಲು ಬರುವುದು ಪಟ್ಟಿಯಲ್ಲಿರುವ ತಲೆಗಳ ಲೆಕ್ಕದಲ್ಲಿ. ಅವರು ಬರಲಿ ಬಿಡಲಿ. ಮಂದಿ ಆರಾಮಿದ್ದಷ್ಟೂ ಡಾಕ್ಟರಿಗೆ ಹಗುರ. ಇದನ್ನು ನಮ್ಮ ಜಿಲ್ಲೆಗಳಲ್ಲಿ ಸಣ್ಣದಾಗಿ ಮಾಡಿ ನೋಡಲು ಏನು ಅಡ್ಡಿ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಕಬ್ಬು ಬೆಳೆಗಾರರ ಸೊಸೈಟಿ, ನೇಕಾರರ ಸಂಘ, ಹಾಲಿನ ಡೇರಿ ಇಲ್ಲದ ಊರು ನಮ್ಮಲ್ಲಿ ಕಡಿಮೆ. 500 ಕುಟುಂಬಗಳು ತಿಂಗಳಿಗೆ 100 ರೂಪಾಯಿಯಂತೆ ಸಂಘದ ಮೂಲಕ ಕಟ್ಟಿದರೆ ತಿಂಗಳಿಗೆ 50,000 ರೂಪಾಯಿ. ಒಬ್ಬ ಯುವ ಡಾಕ್ಟರು ಊರಲ್ಲಿ ನಿಲ್ಲಲು ಅದು ಪೂರ್ತಿ ಸಾಲದಿರಬಹುದು. ಆದರೆ ಸೂಜಿಯ ಮೇಲೆ ಬದುಕಬೇಕಾಗಿಲ್ಲ ಎಂಬ ಧೈರ್ಯಕ್ಕೆ ಸಾಕು. ತಿಂಗಳಿಗೆ ನೂರು ರೂಪಾಯಿ ಅಂದರೆ ದಿನಕ್ಕೆ ಮೂರೂವರೆ ರೂಪಾಯಿಯೂ ಇಲ್ಲ. ಗುಳಿಗೆ ಸರ್ಕಾರಿ ಕೇಂದ್ರದ್ದೇ ಇರಲಿ, ಕಡತ ಮಾತ್ರ ಊರಲ್ಲಿ ಉಳಿಯಲಿ.

ಹೋದ ತಿಂಗಳು ಕಾಕಾನ ಮನೆಗೆ ಹೋದಾಗ ಮೊಳೆಯ ಮೇಲೆ ಚೀಲ ಇರಲಿಲ್ಲ. ಅವರ ಊರಿಗೆ ಈಚೆಗೆ ಬಂದು ಕ್ಲಿನಿಕ್ ಹಾಕಿದ ಡಾಕ್ಟರಮ್ಮ ಒಬ್ಬರು ಅದನ್ನು ಪೂರ್ತಿ ಇಟ್ಟುಕೊಂಡು, ಒಂದು ಸಂಜೆ ಕೂತು ಓದಿ, ತಾರೀಖಿನ ಪ್ರಕಾರ ಜೋಡಿಸಿ ನೂರು ಹಾಳೆಯ ನೋಟಬುಕ್ಕಿನಲ್ಲಿ ಬರೆದುಕೊಟ್ಟಿದ್ದಾರೆ. ಕನ್ನಡದಲ್ಲಿ. ಮೊದಲ ಪುಟದಲ್ಲಿ ಶುಗರಿನ ಅಂಕಿಗಳು, ಎರಡನೇದರಲ್ಲಿ ಬಿಪಿ, ಮೂರನೇದರಲ್ಲಿ ಒಗ್ಗದ ಗುಳಿಗೆಗಳ ಹೆಸರು, ಆಮೇಲೆ ಪಾದ ನೋಡಿದ ದಿನ, ಕಣ್ಣು ನೋಡಿಸಬೇಕಾದ ತಿಂಗಳು. ಜೊತೆಗೆ ಬಂದಿದ್ದ ಕಾಕಾನ ಮಗನನ್ನೂ ಕೂಡಿಸಿ ಬಿಪಿ ನೋಡಿದ್ದಾರೆ. ಅವನಿಗೆ 31 ವರ್ಷ, ಜಡ್ಡು ಜಾಪತ್ತು ಅರಿಯದ ಹುಡುಗ. 146/92 ಬಂತು. ಎರಡು ವಾರ ಬಿಟ್ಟು ಮತ್ತೆ ಬಾ ಅಂದರು. ಅವನು ಹೋಗಲಿಲ್ಲ. ಹದಿನಾರನೇ ದಿನ ಡಾಕ್ಟರಮ್ಮ ಕಾಕಾನಿಗೆ ಫೋನ್ ಮಾಡಿದ್ದಾರೆ: "ಕಾಕಾರ, ನಿಮ್ಮ ಹುಡುಗ ಬಂದಿಲ್ಲಲ್ರಿ. ನಾಳೆ ಹೊಲಕ್ಕ ಹೋಗೂ ಮುಂದ ಕಳಸ್ರಿ, ಬರೂ ಮುಂದ ಚಹಾ ಕುಡಿಬ್ಯಾಡ ಅನ್ರಿ."